ಮೌಸಿಗೆ ಸಿಕ್ಕ ಗುಲ್ಮ ಕೈಗೆ ಸಿಗಲಿಲ್ಲ

ಆಸ್ಪತ್ರೆಗೆ ಕಾಲಿಡದೆ ಡಾಕ್ಟರಾಗುವ ಮಾರ್ಗವನ್ನು ಜಗತ್ತಿನಲ್ಲಿ ಮೊದಲು ಕಂಡುಹಿಡಿದವನು ನಾನೇ ಎಂದು ಎಂಬಿಬಿಎಸ್ ಕೊನೆಯ ವರ್ಷದಲ್ಲಿ ನನಗೆ ದೃಢವಾಗಿ ಅನ್ನಿಸಿತ್ತು.

ಇದಕ್ಕೆ ಬೊಮ್ಮನಹಳ್ಳಿ ಸಿಗ್ನಲ್ ಒಂದು ಕಾರಣ. ಸಿಂಗಸಂದ್ರದ ನಮ್ಮ ಮನೆಗೂ ಕಾಲೇಜಿನ ಆಸ್ಪತ್ರೆಗೂ ನಡುವೆ ಅದು ಕೂತಿತ್ತು. ಬೆಳಗಿನ ಹೊತ್ತು ಅದನ್ನು ದಾಟುವಷ್ಟರಲ್ಲಿ ನಾನು ನೋಡಬೇಕಾಗಿದ್ದ ರೋಗಿ ಗುಣವಾಗಿ ಊರು ಸೇರಿರುತ್ತಿದ್ದ! ಇನ್ನೊಂದು ಕಾರಣ, ಇಂಟರ್‌ನೆಟ್ ಆಗಷ್ಟೇ ಅಗ್ಗವಾಗಿತ್ತು. ವೈದ್ಯ ವಿದ್ಯಾರ್ಥಿಗಳಿಗೆಂದೇ ಆನ್‌ಲೈನ್ ಪಾಠದ ತಾಣಗಳು ಬಂದಿದ್ದವು. ಅಪ್ಪನನ್ನು ಒಂದು ವಾರ ಕಾಡಿ ಅಂಥದ್ದೊಂದಕ್ಕೆ ಚಂದಾದಾರನಾದೆ.

ಅದರಲ್ಲಿ ಟೈ ಕಟ್ಟಿದ ಒಬ್ಬ ಮೇಷ್ಟ್ರು ಪಾಠ ಹೇಳುತ್ತಿದ್ದರು. ನಾನು ಅವರನ್ನು ಎರಡು ಪಟ್ಟು ವೇಗದಲ್ಲಿ ಓಡಿಸುತ್ತಿದ್ದೆ. ಹೃದಯವನ್ನು ಸ್ನಾನಕ್ಕೆ ಮೊದಲು ಮುಗಿಸಿದರೆ ಮೂತ್ರಪಿಂಡ ತಿಂಡಿಯ ಹೊತ್ತಿಗೆ ಮುಗಿಯುತ್ತಿತ್ತು. ಪಾಠದ ಕೊನೆಯಲ್ಲಿ ಪರದೆಯ ಮೇಲೆ ಒಬ್ಬ ಗೊಂಬೆ ರೋಗಿ ಬಂದು ನಿಲ್ಲುತ್ತಿದ್ದ. ಅವನಿಗೆ ಯಾವಾಗಲೂ ಒಂದೇ ತೊಂದರೆ. ಕೇಳಿದ ಪ್ರಶ್ನೆಗೆ ತಕ್ಷಣ ಉತ್ತರ. ಹೊಟ್ಟೆಯ ಮೇಲೆ ಮೌಸ್ ಇಟ್ಟರೆ ಕೆಟ್ಟ ಅಂಗ ಕೆಂಪಗೆ ಹೊಳೆಯುತ್ತಿತ್ತು! ಇಂಥ ಶಿಸ್ತಿನ ರೋಗಿಗಳನ್ನು ಬಿಟ್ಟು ವಾರ್ಡಿನಲ್ಲಿ ಫಿನಾಯಿಲ್ ವಾಸನೆ ಕುಡಿಯಲು ನನಗೇನು ಹುಚ್ಚೇ?

"ಲೇ ಶಶಿ, ಇವತ್ತೂ ಆಸ್ಪತ್ರೆಗೆ ಹೋಗಲ್ವೇನೋ?" ಎಂದು ಅಮ್ಮ ಅಡುಗೆಮನೆಯಿಂದ ಕೇಳುತ್ತಿದ್ದಳು.

"ಆಸ್ಪತ್ರೆನೇ ಮನೆಗೆ ಬಂದಿದೆಯಮ್ಮ," ಎಂದು ಲ್ಯಾಪ್‌ಟಾಪ್ ತೋರಿಸುತ್ತಿದ್ದೆ.

ನನ್ನ ಗೆಳೆಯ ನವೀನ ಮಾತ್ರ ದಿನಾ ವಾರ್ಡಿಗೆ ಹೋಗಿ ರೋಗಿಗಳ ಹೊಟ್ಟೆ ಒತ್ತಿ ಬರುತ್ತಿದ್ದ. "ಮಗಾ, ಒಂದ್ಸಲನಾದ್ರೂ ಬಾರೋ. ಮುಟ್ಟಿ ನೋಡ್ದೆ ಬರಲ್ಲ ಕಣೋ ಇದು," ಎಂದು ಗೋಗರೆದ. ನಾನು ತಾಣದವರು ನನಗೆ ಕೊಟ್ಟಿದ್ದ ಚಿನ್ನದ ನಕ್ಷತ್ರದ ಚಿತ್ರವನ್ನು ಅವನಿಗೆ ಕಳಿಸಿದೆ. ಹೊಟ್ಟೆಯ ವಿಭಾಗದಲ್ಲಿ ನೂರಕ್ಕೆ ನೂರು ಬಂದಿತ್ತು.

ಆ ನಕ್ಷತ್ರ ನೋಡಿ ಕೆಟ್ಟವಳು ಅಮ್ಮ. ದಾವಣಗೆರೆಯ ನೆಂಟರಿಗೆಲ್ಲ ಫೋನು ಮಾಡಿದಳು. ಅಷ್ಟಕ್ಕೇ ನಿಲ್ಲದೆ 'ಡಾ. ಶಶಿಧರ' ಎಂಬ ಹಿತ್ತಾಳೆಯ ಫಲಕ ಮಾಡಿಸಿ, ಪೇಪರಿನಲ್ಲಿ ಸುತ್ತಿ, ಬೀರುವಿನಲ್ಲಿ ಸೀರೆಗಳ ಹಿಂದೆ ಇಟ್ಟಳು. ಫಲಿತಾಂಶ ಬಂದ ದಿನವೇ ಬಾಗಿಲಿಗೆ ಹೊಡೆಯಬೇಕೆಂದು ಮೊಳೆಯನ್ನೂ ತಂದಿಟ್ಟಿದ್ದಳು. ಅದನ್ನು ನೋಡಿದಾಗ ನನಗೆ ಹೆಮ್ಮೆಯಾಯಿತು, ಸಣ್ಣಗೆ ಭಯವೂ ಆಯಿತು. ಭಯವನ್ನು ಎರಡು ಪಟ್ಟು ವೇಗದಲ್ಲಿ ದಾಟಿಬಿಟ್ಟೆ.

ಪ್ರಾಯೋಗಿಕ ಪರೀಕ್ಷೆಯ ಬೆಳಿಗ್ಗೆ ಅಮ್ಮ ನನ್ನ ಹಣೆಗೆ ವಿಭೂತಿ ಹಚ್ಚಿ, "ಕೈ ಬೆಚ್ಚಗೆ ಮಾಡ್ಕೊಂಡು ಮುಟ್ಟಪ್ಪ ಜನಾನ. ನಿನ್ ಕೈ ಯಾವಾಗ್ಲೂ ಐಸು," ಎಂದಳು. ನಾನು ನಕ್ಕೆ. ಗೊಂಬೆ ರೋಗಿ ಒಮ್ಮೆಯೂ ಚಳಿ ಎಂದವನಲ್ಲ.

ಈ ಪರೀಕ್ಷೆಯಲ್ಲಿ ನಿಜವಾದ ರೋಗಿಯೊಬ್ಬನನ್ನು ನಮ್ಮ ಪಾಲಿಗೆ ಕೊಡುತ್ತಾರೆ. ಅವನನ್ನು ವಿಚಾರಿಸಿ, ಮುಟ್ಟಿ ನೋಡಿ, ರೋಗ ಇಂಥದ್ದೆಂದು ಪರೀಕ್ಷಕರಿಗೆ ಹೇಳಬೇಕು. ನನಗೆ ಸಿಕ್ಕಿದ್ದು ಏಳನೆಯ ಮಂಚದ ಮಲ್ಲಪ್ಪ. ಕೊಪ್ಪಳ ಕಡೆಯವನು, ಬೆಳ್ಳಂದೂರಿನಲ್ಲಿ ಕಟ್ಟುತ್ತಿದ್ದ ಒಂದು ಕಟ್ಟಡಕ್ಕೆ ಕಾವಲುಗಾರ. ಹಳೆಯ ಕಾಯಿಲೆ, ಔಷಧಿಯಿಂದ ಹಿಡಿತದಲ್ಲಿತ್ತು. ಪ್ರತಿ ಪರೀಕ್ಷೆಗೂ ನಮ್ಮ ಕಾಲೇಜಿನವರು ಅವನನ್ನು ಮರ್ಯಾದೆಯಿಂದ ಕರೆಸುತ್ತಿದ್ದರು ಎಂಬುದು ವಾರ್ಡಿಗೆ ಹೋದವರಿಗೆಲ್ಲ ಗೊತ್ತಿತ್ತು. ಅಂದರೆ ನನಗೊಬ್ಬನಿಗೆ ಗೊತ್ತಿರಲಿಲ್ಲ.

ನಾನು ಅವನ ಕಾಲಿನ ಕಡೆ ಹೋಗಿ ನಿಂತು ಮೊದಲ ಪ್ರಶ್ನೆ ಎಸೆದೆ. "ನಿಮಗೆ ಏನು ತೊಂದರೆ?"

"ಏನೂ ಇಲ್ರಿ ಸಾಹೇಬ್ರ. ಆರಾಮ್ ಅದೀನಿ. ಪರೀಕ್ಷಾ ಐತಿ ಬಾ ಅಂದ್ರು, ಬಂದೀನಿ."

ನನಗೆ ಬೆವರಿತು. ಗೊಂಬೆ ರೋಗಿ ತನ್ನ ತೊಂದರೆ ಹೇಳದಿದ್ದರೆ ಮುಂದಿನ ಪುಟವೇ ತೆರೆಯುತ್ತಿರಲಿಲ್ಲ! ಹಾಗಾಗಿ ನಾನೂ ತೆರೆಯದೆ ನಿಂತೆ. ಇನ್ನೊಮ್ಮೆ ಕೇಳಿದೆ. ಅವನು ಇನ್ನೊಮ್ಮೆ ಆರಾಮ್ ಎಂದ. ಕೊನೆಗೆ ಅವನಿಗೇ ಕನಿಕರ ಬಂತು.

"ಎಷ್ಟೊತ್ತು ಅಲ್ಲಿ ನಿಂದರ್ತೀರಿ? ನನ್ನ ಬಲಗಡೆ ಬರ್ರಿ. ಎಲ್ಲಾರೂ ಬಲಗಡೆನ ನಿಂದರ್ತಾರ. ಏನೈತಿ ಅಂತ ನಾನ ಹೇಳ್ಲೇನ್ರಿ?"

"ಬೇಡ! ಹೇಳಬೇಡಿ!" ಎಂದು ಕೈ ಅಡ್ಡ ಹಿಡಿದೆ. 'ರೋಗಿಯೇ ರೋಗ ಹೇಳಿದರೆ ನಂಬಬಾರದು' ಎಂದು ಟೈ ಮೇಷ್ಟ್ರು ಮೂರನೇ ಪಾಠದಲ್ಲಿ ಹೇಳಿದ್ದರು. "ನಾನೇ ಕಂಡುಹಿಡೀತೀನಿ."

"ಆತು ಬಿಡ್ರಿ," ಎಂದು ಮಲ್ಲಪ್ಪ ಅಂಗಿ ಮೇಲೆತ್ತಿಕೊಂಡು ಮಲಗಿದ. ನಾನು ಅವನ ಬಲಗಡೆಗೆ ಬಂದು ಮುಟ್ಟಿದೊಡನೆ "ಅಯ್ಯಯ್ಯಪ್ಪೋ!" ಎಂದು ಅರ್ಧ ಅಡಿ ಮೇಲೆದ್ದ. ಪಕ್ಕದ ಮಂಚದ ಬಳಿ ನಿಂತಿದ್ದ ನವೀನ ತಿರುಗಿ ನೋಡಿದ. ನನಗೆ ಅಮ್ಮನ ನೆನಪಾಯಿತು.

ಇಲ್ಲಿ ನನ್ನ ವಿದ್ಯೆಯ ಬುಡವನ್ನು ಸ್ವಲ್ಪ ವಿವರಿಸಬೇಕು. ಗುಲ್ಮ ಎಂಬ ಅಂಗ, ಅದೇ ಸ್ಪ್ಲೀನ್, ಇರುವುದು ಹೊಟ್ಟೆಯ ಎಡಗಡೆ, ಪಕ್ಕೆಲುಬಿನ ಅಡಿಯಲ್ಲಿ. ಪರದೆಯ ಮೇಲಿನ ರೋಗಿ ನನಗೆ ಮುಖ ಮಾಡಿ ನಿಲ್ಲುತ್ತಿದ್ದನಲ್ಲ, ಅವನ ಎಡ ನನಗೆ ಬಲ. ನೂರಾರು ಸಲ ಮೌಸನ್ನು ಬಲಕ್ಕೆ ಎಳೆದು ಗುಲ್ಮ ಹಿಡಿದಿದ್ದೆ. ಗುಲ್ಮ ಎಡಕ್ಕಿದೆ ಎಂದು ತಲೆಗೆ ಗೊತ್ತಿತ್ತು. ಕೈಗೆ ಯಾರೂ ಹೇಳಿರಲಿಲ್ಲ! ಗಾಬರಿಯಲ್ಲಿ ಕೈ ತನಗೆ ಗೊತ್ತಿದ್ದ 'ಬಲ'ಕ್ಕೇ ಹೋಯಿತು. ಮಲ್ಲಪ್ಪನ ಬಲಪಕ್ಕೆಯನ್ನು ಹತ್ತು ನಿಮಿಷ ಶೋಧಿಸಿದೆ. ಗಟ್ಟಿಯಾದದ್ದೇನೋ ಸಿಕ್ಕಿತು. ಪರಮಾನಂದವಾಯಿತು.

"ಅದು ಎಲುಬು ರೀ," ಎಂದ ಮಲ್ಲಪ್ಪ ಮೆಲ್ಲಗೆ.

"ನೀವು ಮಾತಾಡಬಾರದು."

ಅಷ್ಟರಲ್ಲಿ ಬೇರೆ ಕಾಲೇಜಿನಿಂದ ಹಿಂದೆಯೂ ಪರೀಕ್ಷೆಗೆ ಬಂದಿದ್ದ ಪರೀಕ್ಷಕಿ ಮೇಡಂ ಬಂದರು. ಮಲ್ಲಪ್ಪ ಮಲಗಿದ್ದಲ್ಲೇ ನಮಸ್ಕಾರ ಮಾಡಿದ. ಅವರೂ ಮುಗುಳ್ನಕ್ಕು, "ಹೇಗಿದೀರಾ ಮಲ್ಲಪ್ಪ?" ಎಂದರು. ಇವನು ಪರೀಕ್ಷೆಗಳಲ್ಲಿ ಪಳಗಿದವನೆಂದು ಆಗಲಾದರೂ ನನಗೆ ಅರ್ಥವಾಗಬೇಕಿತ್ತು.

"ಹೇಳಪ್ಪ, ಏನಿದೆ?"

ಹೊಟ್ಟೆಯ ಕೇಸ್ ಎಂದರೆ ಬಹುಪಾಲು ಸ್ಪ್ಲೀನ್ ಎಂಬುದು ತಾಣದ ಗುಟ್ಟು. ಅದನ್ನೇ ಗಂಭೀರವಾಗಿ ಉಸುರಿದೆ. "ಮೇಡಂ, ಸ್ಪ್ಲೀನ್ ದೊಡ್ಡದಾಗಿದೆ."

"ವೆರಿ ಗುಡ್," ಎಂದರು ಮೇಡಂ. ನನ್ನ ಕಣ್ಣ ಮುಂದೆ ಹಿತ್ತಾಳೆ ಫಲಕ ಫಳಫಳ ಹೊಳೆಯಿತು. "ಎಲ್ಲಿ, ತೋರಿಸು?"

ತೋರಿಸಿದೆ. ಬಲಗಡೆ!

ಮೇಡಂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ನನ್ನ ಕೈ ಅಲ್ಲೇ ಇತ್ತು.

"ಹುಡುಗ ಒಳ್ಳೇವ ಅದಾನ್ರೀ ಮೇಡಂ," ಎಂದು ಮಲ್ಲಪ್ಪ ವಕಾಲತ್ತಿಗೆ ಇಳಿದ. "ರೋಗ ಸರಿ ಹೇಳ್ಯಾನ. ಸೈಡ್ ತಪ್ಪೈತಿ, ಅಷ್ಟ."

"ಇದನ್ನ ಎಲ್ಲಪ್ಪ ಕಲಿತೆ?" ಎಂದರು ಮೇಡಂ ನನ್ನ ಕಡೆ ತಿರುಗಿ.

"ಆನ್‌ಲೈನ್‌ನಲ್ಲಿ ಮೇಡಂ. ನನಗೆ ಚಿನ್ನದ ನಕ್ಷತ್ರ ಇದೆ." ಈ ಎರಡನೆಯ ವಾಕ್ಯವನ್ನು ಯಾಕೆ ಹೇಳಿದೆನೋ ಇವತ್ತಿಗೂ ತಿಳಿಯದು.

"ಸಂತೋಷ. ರಿಸಲ್ಟ್‌ನೂ ಆನ್‌ಲೈನ್‌ನಲ್ಲೇ ನೋಡ್ಕೋ."

ನೋಡಿಕೊಂಡೆ. ಫೇಲ್!

ಗೆಳೆಯರೆಲ್ಲ ಬಿಳಿ ಕೋಟು ತೊಟ್ಟು ಡ್ಯೂಟಿಗೆ ಸೇರಿದರು. ನಾನು ಇನ್ನಾರು ತಿಂಗಳು ಕಾಯಬೇಕಿತ್ತು. ಅಮ್ಮ ಮೊಳೆಯನ್ನು ತೆಗೆದು ದೇವರಕೋಣೆಯಲ್ಲಿ ಕ್ಯಾಲೆಂಡರ್ ನೇತುಹಾಕಲು ಹೊಡೆದಳು. ಆ ಸುತ್ತಿಗೆಯ ಸದ್ದು ಕೇಳಿ, ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಚೆನ್ನಾಗಿ ಅತ್ತೆ.

ಮರುದಿನದಿಂದ ಬೊಮ್ಮನಹಳ್ಳಿ ಸಿಗ್ನಲ್‌ನಲ್ಲಿ ನಿಯಮಿತವಾಗಿ ನಿಲ್ಲತೊಡಗಿದೆ. ಒಂದು ದಿನ ಹೊರರೋಗಿಗಳ ಸಾಲಿನಲ್ಲಿ ಮಲ್ಲಪ್ಪ ಸಿಕ್ಕಿದ. ಔಷಧಿಗೆ ಬಂದಿದ್ದ. ನಾನು ಕಂಬದ ಹಿಂದೆ ಸರಿಯುವ ಮೊದಲೇ ಕಂಡುಹಿಡಿದ. ಈಗ ನಾನು ಸಾಹೇಬ್ರೂ ಅಲ್ಲ.

"ಬಾರೋ ತಮ್ಮಾ. ಹೋತೇನು?"

"ಹೋಯ್ತು ಮಲ್ಲಪ್ಪ."

"ಹೋದ್ರ ಹೋಗ್ಲಿ. ನನ್ನ ಹೊಟ್ಟಿ ಎಲ್ಲಿ ಹೋಗೈತಿ? ಕೈ ತಿಕ್ಕೊಂಡು ಬೆಚ್ಚಗ ಮಾಡ್ಕೊ ಮೊದಲ."

ಡ್ಯೂಟಿಯ ಡಾಕ್ಟರರನ್ನು ಕೇಳಿ ಅವನನ್ನು ಒಳಗಿನ ಮಂಚದ ಮೇಲೆ ಮಲಗಿಸಿದೆ. ಅವನು ನನ್ನ ಕೈ ಹಿಡಿದು ತನ್ನ ಎಡಪಕ್ಕೆಯ ಕೆಳಗೆ ಇಟ್ಟುಕೊಂಡ. "ಒತ್ತಬ್ಯಾಡ. ಸುಮ್ನ ಇಟ್ಟಿರು. ನಾನು ಉಸಿರು ಎಳಕೊಂತೀನಿ, ತಾನ ಬಂದು ನಿನ್ನ ಬೆರಳಿಗೆ ತಾಗತೈತಿ ನೋಡು."

ಮಲ್ಲಪ್ಪ ಉಸಿರೆಳೆದ. ನಯವಾದ, ದುಂಡಗಿನ ಅಂಚೊಂದು ಒಳಗಿಂದ ಮೆಲ್ಲಗೆ ಇಳಿದು ಬಂದು ನನ್ನ ಬೆರಳಿಗೆ ತಾಗಿತು. ಮೈ ಜುಮ್ಮೆಂದಿತು. ಎಲ್ಲೂ ಏನೂ ಕೆಂಪಗೆ ಹೊಳೆಯಲಿಲ್ಲ, ಆದರೂ ಅದು ಗುಲ್ಮವೇ ಎಂದು ನನಗೆ ಖಾತ್ರಿಯಾಗಿತ್ತು. "ಸಿಕ್ತು!" ಎಂದು ಕೂಗಿಬಿಟ್ಟೆ. ಹೊರಗಿನ ಸಾಲಿನವರು ಏನು ಕಳೆದಿತ್ತೋ ಎಂದು ಬಗ್ಗಿ ನೋಡಿದರು.

ಆರು ತಿಂಗಳ ನಂತರ ಪಾಸಾದೆ. ಅಮ್ಮ ಕ್ಯಾಲೆಂಡರನ್ನು ಕೆಳಗಿಳಿಸಿ ಅದೇ ಮೊಳೆ ಕಿತ್ತು ಬಾಗಿಲಿಗೆ ಹೊಡೆದು ಫಲಕ ನೇತುಹಾಕಿದಳು. ಬಿಳಿ ಕೋಟು ತೊಟ್ಟು, ಸ್ಟೆತೊಸ್ಕೋಪನ್ನು ಕೊರಳಿಗೆ ಹಾಕಿಕೊಂಡು, ಆಸ್ಪತ್ರೆಯೇ ನನ್ನ ಮೇಲೆ ನಿಂತಿದೆ ಎಂಬಂತೆ ಓಡಾಡತೊಡಗಿದೆ.

ಮುಂದಿನ ಪರೀಕ್ಷೆಯ ದಿನ ಅದೇ ವಾರ್ಡಿನಲ್ಲಿ ನನ್ನ ಡ್ಯೂಟಿ ಬಿತ್ತು. ಏಳನೆಯ ಮಂಚದ ಮೇಲೆ ಮಲ್ಲಪ್ಪ, ಎದುರಿಗೆ ಒಬ್ಬ ವಿದ್ಯಾರ್ಥಿನಿ. ಪಾಪ, ಕೈ ಗಡಗಡ ನಡುಗುತ್ತಿತ್ತು. ಹಿರಿಯ ವೈದ್ಯನಾಗಿ ಎರಡು ಸಮಾಧಾನದ ಮಾತು ಹೇಳೋಣವೆಂದು ಗಂಟಲು ಸರಿಮಾಡಿಕೊಂಡು ಮುಂದೆ ಬಂದೆ. ಮಲ್ಲಪ್ಪನೇ ಮೊದಲು ಬಾಯಿ ತೆಗೆದ, ಇಡೀ ವಾರ್ಡಿಗೆ ಕೇಳುವಂತೆ.

"ಹೆದರಬ್ಯಾಡ ತಂಗೀ. ಅಲ್ಲಿ ಬರಾಕತ್ಯಾರಲ್ಲ, ಆ ಡಾಕ್ಟರ್ ಸಾಹೇಬ್ರು, ಅವರೂ ಮೊದಲ್ನೇ ಸಲ ನನ್ನ ಹೊಟ್ಟಿ ಮ್ಯಾಲನ ಫೇಲ್ ಆಗ್ಯಾರ. ಬಲಗಡೆ ಹುಡುಕಿದ್ರು!"

ಹುಡುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಡುಕ ನಿಂತಿತು. ಮುಖದಲ್ಲಿ ಕಳೆ ಬಂತು. ಡಾಕ್ಟರಾದ ಮೇಲೆ ನನ್ನನ್ನು ನೋಡಿದ ಮಾತ್ರಕ್ಕೇ ಒಬ್ಬರು ಗುಣವಾದದ್ದು ಅದೇ ಮೊದಲು!