ನಾನು ಹೋಗಲು ಯಾರದೂ ತಕರಾರಿಲ್ಲ

ಈ ವರ್ಷ ಸೈನ್ಯ ಸೇರಿಯೇ ತೀರುತ್ತೇನೆ ಎಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಸುರೇಖಾ ರೊಟ್ಟಿ ಬಡಿಯುತ್ತಿದ್ದಳು. ಕೈ ಒಂದು ಕ್ಷಣವೂ ನಿಲ್ಲಲಿಲ್ಲ.

"ಯಾವ ಸೈನ್ಯರಿ? ನಿಮಗ ನಲವತ್ತೊಂದು."

"ಟೆರಿಟೋರಿಯಲ್ ಆರ್ಮಿ! ನಲವತ್ತೆರಡರ ತನಕ ತೊಗೋತಾರ. ನೌಕರೀನೂ ಇರತೈತಿ, ವರ್ಷದಾಗ ಒಂದೆರಡು ತಿಂಗಳು ದೇಶಸೇವಾನೂ ಆಗತೈತಿ."

"ಕಳಕೇಶನ ಮ್ಯಾಲ ಹೊಟ್ಟಿಕಿಚ್ಚು ಅಂತ ಹೇಳ್ರಲ್ಲ!"

ಸುಳ್ಳು ಯಾಕೆ, ಹೊಟ್ಟೆಕಿಚ್ಚೇ! ಕುಷ್ಟಗಿಯ ನಮ್ಮ ಕಚೇರಿಯಲ್ಲಿ ಕಳಕೇಶ ನನ್ನ ಪಕ್ಕದ ಮೇಜಿನ ಗುಮಾಸ್ತ, ನನಗಿಂತ ಹತ್ತು ವರ್ಷ ಚಿಕ್ಕವ. ವರ್ಷಕ್ಕೊಮ್ಮೆ ಟ್ರಂಕು ಹಿಡಿದು ಸೈನ್ಯದ ತರಬೇತಿಗೆ ಹೊರಟನೆಂದರೆ ಸೆಲ್ಯೂಟೆಲ್ಲ ಅವನಿಗೆ, ಫೈಲೆಲ್ಲ ನನಗೆ! ತಿರುಗಿ ಬಂದ ದಿನ ರೈತರು ಅವನಿಗೆ ದಾಳಿಂಬೆ ತಂದು ಕೊಡುತ್ತಾರೆ. ಎರಡು ತಿಂಗಳು ಅವನ ಫೈಲು ನೋಡಿದ ನನಗೆ ಒಂದು ಕಾಳೂ ಇಲ್ಲ. ನಮ್ಮ ಸಾಹೇಬರಾದ ಮಾಜೀದರೋ, "ಕಳಕೇಶ ಇಲ್ಲಂದ್ರ ಆಫೀಸು ಬಣಬಣ" ಎಂದು ನಿಟ್ಟುಸಿರು ಬಿಡುತ್ತಾರೆ, ಅದೂ ನನ್ನ ಮೇಜಿನ ಮುಂದೆಯೇ ನಿಂತು! ಇದನ್ನೆಲ್ಲ ಸಹಿಸಿದೆ. ಆದರೆ ಸುರೇಖಾ ಮೊಬೈಲಿನಲ್ಲಿ ಅವನ ಸಮವಸ್ತ್ರದ ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದ್ದನ್ನು ಮಾತ್ರ ಸಹಿಸಲಾಗಲಿಲ್ಲ.

ಅರ್ಜಿಯ ಜೊತೆ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಕಳಕೇಶನಿಗೆ ಅದನ್ನು ಕೊಡಲು ಸಾಹೇಬರು ಮೂರು ತಿಂಗಳು ಸತಾಯಿಸಿದ್ದರು. "ನಿನ್ನ ಬಿಟ್ಟು ಹೆಂಗಪಾ ನಡಸೂದು?" ಎಂದಿದ್ದರು. ಹಾಗಾದರೆ ಸೀನಿಯರ್ ಆದ ನನ್ನನ್ನು ಆರು ತಿಂಗಳಾದರೂ ಸತಾಯಿಸಬೇಕು, ಕೈ ಹಿಡಿದು ಬೇಡಿಕೊಳ್ಳಬೇಕು! ನಿಜ ಹೇಳಲೇ? ಸೈನ್ಯ ಹಾಳಾಗಲಿ, ನಾನಿಲ್ಲದೆ ನಡೆಯದು ಎಂಬ ಆ ಒಂದು ಮಾತು ಯಾರ ಬಾಯಿಂದಾದರೂ ಬಂದರೆ ನನಗೆ ಸಾಕಿತ್ತು.

ಅರ್ಜಿ ಕೊಟ್ಟೆ. ಸಾಹೇಬರು ಓದಲೂ ಇಲ್ಲ, ಸಹಿ ಗೀಚಿದರು!

"ಸರ್, ಸ್ವಲ್ಪ ವಿಚಾರ ಮಾಡ್ರಿ..."

"ವಿಚಾರ ಏನು ಮಾಡೂದೈತಿ ಕೊಟ್ರಬಸಪ್ಪ? ದೇಶದ ಕೆಲಸ! ಬೇಕಾದ್ರ ಎರಡು ವರ್ಷ ಇದ್ದು ಬರ್ರಿ."

ನಮ್ಮಲ್ಲಿ ಸೀಲು ಹುಡುಕಲು ಒಂದು ವಾರ ಬೇಕು. ಅಂದು ಐದು ನಿಮಿಷದಲ್ಲಿ ಸೀಲು ಬಿತ್ತು. ಸಂಜೆಯೊಳಗೆ ಶಾಲು, ಹಾರ, ಭಾಷಣ! ಮರುದಿನ ಬಸ್ ನಿಲ್ದಾಣದ ಎದುರು ಫ್ಲೆಕ್ಸ್! "ವೀರಯೋಧ ಕೊಟ್ರಬಸಪ್ಪನವರಿಗೆ ವಿದಾಯ." ತಲೆ ನನ್ನದು, ಮೈ ಮಾತ್ರ ಯಾರೋ ಪುಣ್ಯಾತ್ಮ ಸೈನಿಕನದು. ಆಯ್ಕೆಯೇ ಆಗಿರಲಿಲ್ಲ, ವಿದಾಯ ಆಗಿಹೋಗಿತ್ತು. ಇನ್ನು ಹಿಂದೆ ಸರಿದರೆ ಊರಲ್ಲಿ ಮುಖ ತೋರಿಸುವಂತಿರಲಿಲ್ಲ.

ಉಳಿದ ಆಸೆಯೆಂದರೆ ಸುರೇಖಾ.

"ನೀ ಬ್ಯಾಡ ಅಂದ್ರ ಈಗ ಬಿಡ್ತೇನಿ ನೋಡು."

"ನಾ ಯಾಕ ಬ್ಯಾಡ ಅನ್ಲಿ? ಶೇಂಗಾ ಹೋಳಿಗಿ ಕಟ್ಟೇನಿ, ಎಂಟು ದಿನ ಕೆಡಂಗಿಲ್ಲ. ಹೋಗಿ ಬರ್ರಿ."

ಹೋದೆ. ಬೆಳಗಾವಿಯ ಮೈದಾನದಲ್ಲಿ ಅಂಗಿ ಕಳಚಿ, ಇಪ್ಪತ್ತರ ಹುಡುಗರ ಸಾಲಿನಲ್ಲಿ ನಿಂತೆ. ಒಬ್ಬ ನನ್ನನ್ನು ನೋಡಿ, "ಕಾಕಾ, ಮಗನ್ನ ಕರ್ಕೊಂಡು ಬಂದೀರೇನ್ರಿ?" ಎಂದ. ಓಟಕ್ಕೂ ಮೊದಲು ಎದೆಯ ಅಳತೆ. ಉಸಿರೆಳೆದರೆ ಎದೆ ಐದು ಸೆಂಟಿಮೀಟರ್ ಉಬ್ಬಬೇಕು. ಅಲ್ಲಿ ಟೇಪು ಹಿಡಿದು ನಿಂತವನನ್ನು ಕಂಡು ನನಗಿದ್ದ ಉಸಿರೂ ಹೋಯಿತು. ಹದಿನೈದು ದಿನದ ಹಿಂದೆ ತರಬೇತಿಗೆಂದು ಹೋಗಿದ್ದ ಕಳಕೇಶ!

"ಉಸಿರು ಎಳೀರಿ ಸರ."

ಎಳೆದೆ. ಎದೆ ಇದ್ದಲ್ಲೇ ಇತ್ತು. ಹೊಟ್ಟೆ ಮಾತ್ರ ಯಾರ ಅಪ್ಪಣೆಗೂ ಕಾಯದೆ ಒಂದು ಹೆಜ್ಜೆ ಮುಂದೆ ಬಂತು!

"ಟೇಪ ಒಂಚೂರು ಸಡಿಲ ಬಿಡಪಾ," ಪಿಸುಗುಟ್ಟಿದೆ. "ಆಫೀಸಿನ್ಯಾಗ ನಿನಗಿಂತ ಸೀನಿಯರ್ ಅದೀನಿ."

"ಅಲ್ಲಿ ನೀವು ಸೀನಿಯರ್ ಸರ. ಇಲ್ಲಿ ಟೇಪ ಸೀನಿಯರ್."

ನಾನು ಅಂಗಿ ತೊಡುವಾಗ ಅವನೇ ಹತ್ತಿರ ಬಂದ. "ಬ್ಯಾಸರ ಮಾಡ್ಕೋಬ್ಯಾಡ್ರಿ ಸರ. ಖರೇ ಹೇಳ್ತೇನಿ, ನೀವು ಊರಾಗ ಇದ್ರನ ನನಗ ನಿಶ್ಚಿಂತಿ."

ಆಹಾ! ಸಾಹೇಬರು ಹೇಳದ, ಹೆಂಡತಿ ಹೇಳದ ಮಾತನ್ನು ಕೊನೆಗೆ ವೈರಿಯೇ ಹೇಳಿದ! ಆ ಒಂದು ಮಾತನ್ನೇ ನೆನೆಯುತ್ತಾ ಹೋಳಿಗೆಯನ್ನೆಲ್ಲ ಬಸ್ಸಿನಲ್ಲೇ ತಿಂದು ಮುಗಿಸಿದೆ. ಅವನ ಮೇಲಿನ ಹೊಟ್ಟೆಕಿಚ್ಚು ಇಳಕಲ್ ದಾಟುವುದರೊಳಗೆ ಅರ್ಧ ಆರಿತ್ತು.

ಸಂಜೆ ಮನೆ ಮುಟ್ಟಿದರೆ ಸುರೇಖಾ ಬಾಗಿಲಲ್ಲೇ ನಿಂತಿದ್ದಳು.

"ಬಂದ್ರ್ಯಾ? ಛಲೋ ಆತು ನೋಡ್ರಿ! ಮಧ್ಯಾಹ್ನದಿಂದ ನಿಮ್ಮ ಹಾದೀನ ಕಾಯಾಕತ್ತೇನಿ."

ನನ್ನ ಎದೆ ಉಬ್ಬಿತು. ಆಗ ಅಳೆದಿದ್ದರೆ ಹತ್ತು ಸೆಂಟಿಮೀಟರ್ ಖಂಡಿತ!

"ನಾ ಇಲ್ದ ನಡೀಲಿಲ್ಲ, ಹೌದಲ್ಲ?"

"ಹೆಂಗ ನಡೀಬೇಕು? ಕಳಕೇಶನ ಮನ್ಯಾಗ ಗ್ಯಾಸ್ ಮುಗದೈತಿ. ಅವರವ್ವ ಪಕ್ಕೀರವ್ವ ಒಬ್ಬಾಕಿನ ಅದಾಳ. ನಮ್ಮ ತುಂಬಿದ ಸಿಲಿಂಡರ್ ಒಯ್ದು ಕೊಟ್ಟು ಬರ್ರಿ. 'ಸರ ಫೇಲಾಗ್ಯಾರ, ಸಂಜೀಕ ಬರ್ತಾರ, ಅವರಿಗೆ ಹೇಳ್ರಿ' ಅಂತ ಕಳಕೇಶ ಬೆಳಗಾವಿಯಿಂದ ಫೋನ್ ಮಾಡಿದ್ದ. ಲಗೂ ಹೊರಡ್ರಿ, ಪಾಪ, ಮುದುಕಿ ಮುಂಜಾನಿಂದ ಚಹಾನೂ ಕುಡದಿಲ್ಲ!"