ನಾರ್ವೆಗೆ ರೈಲು ಪಾಸು ಬೇಕೇ, ಬೇಡವೇ?

ಅಮೆರಿಕದ ನಮ್ಮ ಹಿಲ್ಸ್‌ಬರೋ ಊರಿನ ಕನ್ನಡದವರಲ್ಲಿ ರಜಕ್ಕೆ ಹೋಗಿ ಬಂದು ಸುಸ್ತಾದವರು ಕಡಿಮೆ. ಹೊರಡುವ ಮುಂಚಿನ ಚರ್ಚೆಯಲ್ಲೇ ಸುಸ್ತಾದವರು ಜಾಸ್ತಿ. ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ನಾನೂ ನನ್ನ ಹೆಂಡತಿಯೂ ಹಾಗೆ ಸುಸ್ತಾದವರೇ. ಇದಕ್ಕೆಲ್ಲ ಕಾರಣ ನಮ್ಮ ಬೀದಿಯ ಧಾರವಾಡದ ಡಾಕ್ಟರು.

ಹುಳ ಹೊಕ್ಕಿದ್ದು

ಡಾಕ್ಟರ ತಾಯಿ ಊರಿನಿಂದ ಬಂದಿದ್ದರು. ಎಲ್ಲರೂ ಅವರನ್ನು ಅವ್ವ ಎಂದೇ ಕರೆಯುತ್ತಿದ್ದೆವು. ಚಳಿ ಶುರುವಾಗುವ ಮುಂಚೆ ಅವರು ವಾಪಸ್ಸು ಹೋಗಬೇಕು. ಅಷ್ಟರೊಳಗೆ ಅವರಿಗೆ ಏನಾದರೂ ದೊಡ್ಡದನ್ನು ತೋರಿಸಬೇಕು ಅಂತ ಮಗನ ಆಸೆ. ಆಸ್ಪತ್ರೆಯಲ್ಲಿ ಡಾಕ್ಟರಿಗೆ ಅಷ್ಟು ಉದ್ದದ ರಜ ಸಿಕ್ಕಿದ್ದೂ ಅದೇ ಮೊದಲು.

ಒಂದು ಭಾನುವಾರ ಅವರ ಮನೆಯಲ್ಲಿ ಊಟ ಮಾಡುತ್ತಿದ್ದಾಗ ಡಾಕ್ಟರು ಘೋಷಿಸಿದರು. "ಎಂಜಿನಿಯರ್ ಸಾಹೇಬ್ರ, ಈ ಸಲ ಎರಡೂ ಮನಿಯವರು ಕೂಡೇ ಡೆನ್ಮಾರ್ಕು, ಸ್ವೀಡನ್ನು, ನಾರ್ವೆ! ರೈಲು ಪಾಸ್ ತೊಗೊಂಡ್ರ ಮುಗೀತು. ಎಲ್ಲಿ ಬೇಕಲ್ಲಿ ಹತ್ತೂದು, ಎಲ್ಲಿ ಬೇಕಲ್ಲಿ ಇಳಿಯೂದು."

"ನೀವು ಅಮೆರಿಕಕ್ಕೆ ಬಂದ ಮೇಲೆ ಎಷ್ಟು ಸಲ ರೈಲು ಹತ್ತಿದ್ದೀರಿ ಡಾಕ್ಟರೇ?" ಅಂದೆ.

"ಒಮ್ಮೆನೂ ಇಲ್ಲ. ಅದಕ್ಕ ನೋಡ್ರಿ, ಬೇಸರಾನೂ ಆಗಿಲ್ಲ!"

ಏಜೆಂಟರ ಉಪದೇಶ

ರೈಲು ಪಾಸಿನ ವಿಷಯ ವಿಚಾರಿಸಲು ನಾವಿಬ್ಬರೂ ಕಾರಿನಲ್ಲಿ ನ್ಯೂಯಾರ್ಕಿನ ಬೆಲ್‌ರೋಸ್‌ಗೆ ಹೋದೆವು. ಹಿಲ್‌ಸೈಡ್ ಅವೆನ್ಯೂನಲ್ಲಿ ದಿನಸಿ ಅಂಗಡಿಯ ಮೇಲೆ ಒಬ್ಬ ಟ್ರಾವೆಲ್ ಏಜೆಂಟ್ ಇದ್ದ. ಸೇತುವೆಗಳ ಮೇಲೆ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಅಲ್ಲಿಗೆ ತಲುಪುವ ಹೊತ್ತಿಗೆ ನಮಗೆ ಯಾವ ದೇಶವೂ ಬೇಡವಾಗಿತ್ತು.

ಏಜೆಂಟ್ ಒಳ್ಳೆಯವನು. ಬಣ್ಣದ ಪುಸ್ತಕ ತೆಗೆದು ತೋರಿಸಿ, "ಉತ್ತರಕ್ಕೆ ಹೋದರೆ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ" ಎಂದ. ಆಮೇಲೆ ಪಾಸಿನ ವಿಷಯ ಬಿಡಿಸಿ ಹೇಳಿದ. ದಿನಾ ದೂರ ದೂರ ಓಡಾಡುವವರಿಗೆ ಪಾಸು ಲಾಭ. ಒಂದೊಂದು ಊರಿನಲ್ಲಿ ಆರಾಮವಾಗಿ ಕೂರುವವರಿಗೆ ಬಿಡಿ ಟಿಕೆಟ್ಟೇ ವಾಸಿ.

ಡಾಕ್ಟರು ಮನೆಗೆ ಬಂದವರೇ ಆರಾಮವಾಗಿ ಕೂರುವುದನ್ನು ರದ್ದು ಮಾಡಿದರು. ಭೂಪಟ ಹಾಸಿಕೊಂಡು ಹೊಸ ಯೋಜನೆ ಹಾಕಿದರು. ಬೆಳಿಗ್ಗೆ ರೈಲು, ಮಧ್ಯಾಹ್ನ ರೈಲು, ನಿದ್ದೆಯೂ ರೈಲಿನಲ್ಲೇ. ಹೋಟೆಲ್ಲೇ ಬೇಡ.

ಅವರ ಹೆಂಡತಿ ಬಗ್ಗಿ ನೋಡಿ, "ಮತ್ತ ಊರು ನೋಡೂದು ಯಾವಾಗ್ರಿ?" ಅಂದರು.

"ಕಿಟಕಿ ಇರ್ತಾವಲ್ಲ!"

"ಜಳಕ?"

ಡಾಕ್ಟರು ಅದನ್ನು ಯೋಚಿಸಿರಲಿಲ್ಲ. ಸ್ವಲ್ಪ ಹೊತ್ತು ಭೂಪಟ ನೋಡಿ, "ಒಂದೊಂದು ದೇಶದಾಗ ಒಬ್ಬೊಬ್ಬರು ಮಾಡೂದು. ನಾ ಡೆನ್ಮಾರ್ಕು, ನೀ ಸ್ವೀಡನ್ನು, ಅವ್ವ ನಾರ್ವೆ" ಎಂದರು.

"ನಾವು?" ಅಂತ ನನ್ನ ಹೆಂಡತಿ ಕೇಳಿದಳು.

"ನೀವು ಮೈಸೂರಿನವರು, ಇಲ್ಲೇ ಮುಗಿಸಿಕೊಂಡು ಬರ್ರಿ."

ಗ್ಯಾರೇಜ್ ಸ್ಟೇಷನ್

ಇನ್ನು ಊಟ. ಅಲ್ಲಿ ಸಸ್ಯಾಹಾರಿಗಳಿಗೆ ಆಲೂಗಡ್ಡೆ ಬಿಟ್ಟರೆ ದೇವರೇ ಗತಿ ಅಂತ ಯಾರೋ ಹೆದರಿಸಿದ್ದರು. ಡಾಕ್ಟರ ಹೆಂಡತಿ ಗರಿಗರಿ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿದರು. ನನ್ನ ಹೆಂಡತಿ ಪುಳಿಯೋಗರೆ ಗೊಜ್ಜು, ಅವಲಕ್ಕಿ, ಅದರ ಜೊತೆಗೆ ಒಂದು ಕುಕ್ಕರ್ ಇಟ್ಟಳು. ಸೂಟ್‌ಕೇಸುಗಳು ಬಸುರಿಯರ ಹಾಗೆ ಕಂಡವು.

"ಅಲ್ಲಿ ರೈಲು ಭಾಳ ಹೊತ್ತು ನಿಂದರಂಗಿಲ್ಲ. ಇಷ್ಟು ಸಾಮಾನು ಹತ್ತಿಸೂದು ನಮ್ಮ ಕಡೆಯಿಂದ ಆಗೂದಿದ್ರ ಪಾಸು, ಇಲ್ಲಾಂದ್ರ ಇಲ್ಲ" ಎಂದರು ಡಾಕ್ಟರು. ಅದಕ್ಕೊಂದು ಪರೀಕ್ಷೆಯೂ ಆಯಿತು. ನಮ್ಮ ಗ್ಯಾರೇಜೇ ಬೋಗಿ. ಒಳಗೆ ಮಡಚುವ ಕುರ್ಚಿಗಳು. ಡಾಕ್ಟರು ಶಿಳ್ಳೆ ಹಾಕಿದ ಕೂಡಲೇ ನಾವು ಡ್ರೈವ್‌ವೇಯಿಂದ ಸೂಟ್‌ಕೇಸು ಹೊತ್ತು ಒಳಗೆ ನುಗ್ಗಬೇಕು. ಮತ್ತೆ ಶಿಳ್ಳೆ ಹಾಕಿದರೆ ಹೊತ್ತು ಇಳಿಸಬೇಕು. ಅವ್ವ ಮಾತ್ರ ಮೊದಲೇ ಒಳಗೆ ಕೂತು, "ಕಿಟಕಿ ಕಡೆ ಜಾಗ ನಂದು" ಎನ್ನುತ್ತಿದ್ದರು.

ಎದುರು ಮನೆಯ ಅಮೆರಿಕನ್ ಅಜ್ಜಿ ಇದನ್ನೆಲ್ಲ ಪರದೆಯ ಹಿಂದಿನಿಂದ ನೋಡಿದ್ದಾಳೆ. ಸ್ವಲ್ಪ ಹೊತ್ತಿಗೆ ಒಂದು ಕೇಕು ಹಿಡಿದುಕೊಂಡು ಬಂದಳು. "ನೀವು ಮನೆ ಬಿಟ್ಟು ಹೋಗುತ್ತಿದ್ದೀರಿ ಅಂತ ಗೊತ್ತೇ ಇರಲಿಲ್ಲ" ಅಂತ ಕಣ್ಣೊರೆಸಿಕೊಂಡು ನನ್ನ ಹೆಂಡತಿಯನ್ನು ತಬ್ಬಿಕೊಂಡಳು. ನಾನು ವಿಷಯ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರು ಕೇಕು ಕೊಯ್ದಾಗಿತ್ತು.

ಆಮೇಲೆ ಎಷ್ಟೋ ದಿನ ನಾನು ಕಸದ ಡಬ್ಬಿ ಹೊರಗಿಡಲು ಹೋದಾಗಲೆಲ್ಲ ಆಕೆ, "ಇನ್ನೂ ಇಲ್ಲೇ ಇದ್ದೀರಾ?" ಎಂದು ಕೇಳುವಳು. ಆ ದನಿಯಲ್ಲಿ ಕೇಕಿನ ಬಗ್ಗೆ ಸ್ವಲ್ಪ ಪಶ್ಚಾತ್ತಾಪ ಇತ್ತು.

ನಿಜವಾದ ರೈಲು

"ಗ್ಯಾರೇಜು ಅಲುಗಾಡಂಗಿಲ್ಲ. ನಿಜವಾದ ರೈಲಿನಾಗ ನೋಡಬೇಕು" ಎಂದರು ಡಾಕ್ಟರು. ಪಕ್ಕದ ಊರು ಸಾಮರ್‌ವಿಲ್‌ನಲ್ಲಿ ಹತ್ತಿ, ನ್ಯೂಯಾರ್ಕಿಗೆ ಮುಂಚೆ ಸಿಗುವ ನ್ಯೂವರ್ಕಿನಲ್ಲಿ ಇಳಿದು ಅದೇ ದಾರಿಯಲ್ಲಿ ವಾಪಸ್ಸು ಬರುವುದು, ಅಷ್ಟೇ. ಒಂದು ಶನಿವಾರ ಐದೂ ಜನ ಸಾಮಾನು ಸಮೇತ ಹೊರಟೆವು. ಅವ್ವ ಸ್ವೆಟರ್ ಮೇಲೆ ಶಾಲು ಹೊದ್ದು, ಕಿವಿಗೆ ಮಫ್ಲರ್ ಸುತ್ತಿ ಸಿದ್ಧರಾಗಿದ್ದರು. ಇದು ಬರೀ ತಾಲೀಮು ಅಂತ ಮಗ ಹೇಳಿದ್ದೇನೋ ನಿಜ. ಮಫ್ಲರಿನೊಳಗೆ ಅದು ಹೊಕ್ಕಿರಲಿಲ್ಲ.

ಕಂಡಕ್ಟರ್ ಬಂದು ಟಿಕೆಟ್ಟು ನೋಡಿದ, ಸೂಟ್‌ಕೇಸುಗಳನ್ನು ನೋಡಿದ, ಅವ್ವನನ್ನು ನೋಡಿದ. "ನ್ಯೂವರ್ಕಿನಿಂದ ಮುಂದೆ ಎಲ್ಲಿಗೆ?"

ಡಾಕ್ಟರು ಎದೆಯುಬ್ಬಿಸಿ, "ನಾರ್ವೆ!" ಎಂದರು.

"ಓ, ನಾರ್‌ವಾಕ್!" ಎಂದ ಅವನು. ನಾರ್‌ವಾಕ್ ಅಂದರೆ ನ್ಯೂಯಾರ್ಕಿನಿಂದ ಆಚೆ, ಕನೆಕ್ಟಿಕಟ್‌ನಲ್ಲಿರುವ ಒಂದು ಸಮುದ್ರದಂಡೆಯ ಊರು. "ಅಲ್ಲಿಗೆ ತುಂಬ ಸಲ ಬದಲಾಯಿಸಬೇಕಲ್ಲ, ಪಾಪ. ಚಿಂತೆ ಬಿಡಿ, ನಾನಿದ್ದೇನೆ."

ನ್ಯೂವರ್ಕಿನಲ್ಲಿ ಅವನೇ ನಮ್ಮ ಸಾಮಾನು ಇಳಿಸಿ ನ್ಯೂಯಾರ್ಕ್ ರೈಲಿನವನಿಗೆ ನಮ್ಮನ್ನು ಒಪ್ಪಿಸಿದ. "ಡಾಕ್ಟರೇ, ಈಗಲಾದರೂ ನಿಜ ಹೇಳಿಬಿಡಿ" ಅಂದೆ.

"ಇಷ್ಟು ಸಹಾಯ ಮಾಡಾಕತ್ತಾರ, ಈಗ ಹ್ಯಾಂಗ ಇಲ್ಲ ಅನ್ನೂದ್ರಿ? ಮನಸ್ಸಿಗೆ ಹಚ್ಚಿಕೋತಾರ."

ನ್ಯೂಯಾರ್ಕಿನಲ್ಲಿ ಯಾರೋ ಪುಣ್ಯಾತ್ಮ ಟ್ಯಾಕ್ಸಿ ನಿಲ್ಲಿಸಿ ಕೊಟ್ಟ. ಗ್ರ್ಯಾಂಡ್ ಸೆಂಟ್ರಲ್ ಸ್ಟೇಷನ್ನಿನಲ್ಲಿ ಇನ್ನೊಬ್ಬ ಕುಕ್ಕರಿನ ಚೀಲ ಹೊತ್ತು ಮುಂದೆ ನಡೆದ. ಇಡೀ ದೇಶವೇ ನಮ್ಮನ್ನು ನಾರ್‌ವಾಕಿಗೆ ಸಾಗಿಸಲು ಸೊಂಟ ಕಟ್ಟಿ ನಿಂತ ಹಾಗಿತ್ತು. ಕೊನೆಗೆ ನಾರ್‌ವಾಕಿನಲ್ಲಿ ಇಳಿದಾಗ ಡಾಕ್ಟರು ನನ್ನ ಕಿವಿಯಲ್ಲಿ, "ಸಾಮಾನು ಹತ್ತಿಸಾಕ ಏನೂ ತ್ರಾಸ ಇಲ್ಲ ನೋಡ್ರಿ. ಪಾಸು ತೊಗೊಳ್ಳೂದ!" ಎಂದರು.

ಅವ್ವನ ತೀರ್ಪು

ನಡೆದು ನೀರಿನ ದಂಡೆಗೆ ಹೋದೆವು. ದೋಣಿಗಳು, ಬಿಳಿ ಹಕ್ಕಿಗಳು, ಹಿತವಾದ ತಣ್ಣನೆ ಗಾಳಿ. ಬೆಂಚಿನ ಮೇಲೆ ಕೂತು ರೊಟ್ಟಿ, ಪುಳಿಯೋಗರೆ ತಿಂದೆವು. ಅವ್ವನ ಮುಖ ಅರಳಿತ್ತು. ಮಗ ಕೇಳಿದ, "ಹ್ಯಾಂಗನಸ್ತು ಅವ್ವಾ?"

"ಚಲೋ ಅದಪಾ ನಾರ್ವೆ. ಥಂಡಿ ಭಾಳ ಅಂದಿದ್ದಿ, ಅಷ್ಟೇನಿಲ್ಲ."

ನಮ್ಮ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಸೊಸೆ ಮೆಲ್ಲಗೆ, "ಅತ್ತೀ, ಇದು ನಾರ್ವೆ ಅಲ್ಲ" ಅಂದರು.

"ನನಗ ಇಂಗ್ಲಿಷ್ ಬರಂಗಿಲ್ಲಂತ ಮಾಡೀಯೇನು? ಸ್ಟೇಷನ್ನಿನಾಗ ಬೋರ್ಡ್ ಓದೀನಿ. ಎನ್, ಓ, ಆರ್, ಡಬ್ಲ್ಯೂ, ಎ. ಮುಂದಿಂದು ಏನರ ಇರಲಿ."

ಹೊತ್ತು ಇಳಿಯಿತು. ಕಟ್ಟಡಗಳ ಹಿಂದೆ ಸೂರ್ಯ ಕೆಂಪಗೆ ಜಾರಿ ಮಾಯವಾದ. ಅವ್ವ ಕೈಯೆತ್ತಿ ತೋರಿಸಿದರು. "ನೋಡು, ಮುಳುಗಿದ! ಮುಳುಗಂಗಿಲ್ಲ ಅಂತ ಹೇಳಿದ ಆ ಏಜೆಂಟ ಸುಳ್ಳ!"

ಅವರ ಸಂತೋಷ ನೋಡಿ ಯಾರಿಗೂ ಮತ್ತೊಮ್ಮೆ ತಿದ್ದುವ ಧೈರ್ಯ ಬರಲಿಲ್ಲ.

ಮುಂದಿನ ಭಾನುವಾರ ಪಾಸಿನ ಕೊನೆಯ ಮೀಟಿಂಗ್. ಡಾಕ್ಟರು ಗಂಟಲು ಸರಿಮಾಡಿಕೊಂಡು, "ಅವ್ವಾ, ಮತ್ತ ನಾವೆಲ್ಲ ನಾರ್ವೆಗೆ..." ಎಂದು ಶುರು ಮಾಡಿದರು.

"ಮತ್ತ ಯಾಕೋ? ನೋಡಿ ಬಂದೇವಲ್ಲ. ಊರಿಗೆ ಫೋನ್ ಮಾಡಿ ನಿಮ್ಮ ಮಾವಗೂ ಹೇಳೀನಿ."

ಡಾಕ್ಟರ ಕೈಯಲ್ಲಿದ್ದ ಭೂಪಟ ತಾನಾಗಿಯೇ ಮಡಚಿಕೊಂಡಿತು. ಮಗನ ಮುಖ ಸಪ್ಪಗಾದದ್ದನ್ನು ಕಂಡು ಅವ್ವನಿಗೆ ಅಯ್ಯೋ ಅನ್ನಿಸಿತು. ಹತ್ತಿರ ಬಂದು ಬೆನ್ನು ಸವರಿದರು.

"ಹೋಗ್ಲಿ ಬಿಡು, ನಿನ್ನ ಮನಸ್ಸು ಯಾಕ ಮುರೀಲಿ. ಡೆನ್ಮಾರ್ಕಿಗೆ ಬೇಕಾದ್ರ ಬರ್ತೀನಿ. ಆದ್ರ ಆ ರೈಲು ಬ್ಯಾಡಪಾ, ಹತ್ತಿ ಇಳಿದು ಸಾಕಾತು. ಮುಂಜಾನೆ ಲಗೂನ ಎದ್ದು ಕಾರಿನಾಗ ಹೋಗಿ, ಸಂಜಿಕ ಬಂದುಬಿಡೂಣು."