ಬ್ಯಾಟರಿ ಕೇಳಿದರೆ ಬಂಕರ್ ಬಂತು

ನಾವೊಂದು ಕೇಳುವುದು, ಸರ್ಕಾರ ಇನ್ನೊಂದು ಕಳಿಸುವುದು, ಬಂದದ್ದಕ್ಕೆ ನಾವು ಸಹಿ ಹಾಕುವುದು. ನನ್ನ ನೌಕರಿಯ ತುಂಬ ಇದೇ ಆಯ್ತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಅಂತ ಸುತ್ತಿದ ಪೊಲೀಸ್ ಹೆಡ್ ಕಾನ್ಸ್‌ಟೇಬಲ್ ನಾನು. ಠಾಣೆಯ ಕಾಗದಪತ್ರ ಬರೆಯುತ್ತಿದ್ದುದರಿಂದ ಎಲ್ಲರ ಬಾಯಲ್ಲೂ 'ರೈಟರ್'. ಇದು ನಡೆದದ್ದು ಯಾವ ಠಾಣೆಯಲ್ಲಿ ಅಂತ ಮಾತ್ರ ಕೇಳಬೇಡಿ. ಪೆನ್ಷನ್ ತಗೊಳ್ಳೋ ಮನುಷ್ಯ ನಾನು!

ಎರಡು ಸಾವಿರದ ಇಸವಿಯ ಆಚೀಚೆ. ನಮ್ಮ ಜೀಪಿನ ಬ್ಯಾಟರಿ ಸತ್ತುಹೋಗಿತ್ತು. ಜೀಪನ್ನು ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿ, ತಳ್ಳಿ ಚಾಲೂ ಮಾಡುತ್ತಿದ್ದೆವು. ದಾರಿಯಲ್ಲಿ ಹೋಗುವವರೂ ಬಂದು ಕೈ ಹಚ್ಚುತ್ತಿದ್ದರು. ತಳ್ಳುವವರ ಮುಖ ನೋಡುವ ರೂಢಿ ನಮಗಿರಲಿಲ್ಲ. ಆದರೆ ಸಬ್ ಇನ್‌ಸ್ಪೆಕ್ಟರಿಗೆ ಜಿಲ್ಲೆಯಿಂದ ಎಚ್ಚರಿಕೆ ಬಂದಿತ್ತು, ಕರೆ ಬಂದ ಜಾಗಕ್ಕೆ ಇನ್ನೊಮ್ಮೆ ತಡವಾಗಿ ಹೋದರೆ ವರ್ಗ ಅಂತ. ಅವರ ಮಗಳು ಆ ವರ್ಷ ಎಸ್ಸೆಸ್ಸೆಲ್ಸಿ. "ರೈಟರ್, ಮಗಳ ಪರೀಕ್ಷೆ ಮುಗಿಯೋತನ ನನ್ನ ಇಲ್ಲೇ ಉಳಿಸ್ರಿ," ಅನ್ನುತ್ತಿದ್ದರು. ಪಾಪ, ಒಳ್ಳೆ ಮನುಷ್ಯ. ಬ್ಯಾಟರಿಗಾಗಿ ನಾನು ಪತ್ರದ ಮೇಲೆ ಪತ್ರ ಬರೆದೆ.

೧. ಕೂಗುವ ಬಾಗಿಲು

ಮೂರು ಪತ್ರ ಹೋದ ಮೇಲೆ ಲಾರಿ ಬಂತು. ಬ್ಯಾಟರಿಯೇ ಅಂತ ಓಡಿದೆ. ಇಳಿದದ್ದು ಒಂದು ಬಾಗಿಲು! ಕಬ್ಬಿಣ ಕಂಡರೆ ಕೂಗುತ್ತದಂತೆ. ಭಯೋತ್ಪಾದಕರನ್ನು ಹಿಡಿಯಲು ಬಸ್ ನಿಲ್ದಾಣದಲ್ಲಿ ನಿಲ್ಲಿಸಬೇಕಂತೆ. ನಿಲ್ದಾಣಕ್ಕೆ ಸುತ್ತ ಗೋಡೆಯೇ ಇಲ್ಲ, ಬಾಗಿಲು ಮಾತ್ರ ನಿಂತಿತು.

ಹರಪನಹಳ್ಳಿ ತಾಲೂಕಿನ ಅರಸೀಕೆರೆಯ ಅಜ್ಜಿಯೊಬ್ಬಳು ಬಂದಳು. "ಏನಪಾ ಇದು?"

"ಕಬ್ಬಿಣ ಇದ್ರ ಕೂಗ್ತತಿ ಅಜ್ಜಿ," ಅಂದ ನಮ್ಮ ಕಾನ್ಸ್‌ಟೇಬಲ್.

"ಅಯ್ಯ, ನನ್ನ ಹತ್ರ ಕುಡುಗೋಲು ಐತಲ್ಲೋ! ಹಿಡಿ ಇದನ್ನ." ಕುಡುಗೋಲು ಅವನ ಕೈಗೆ ಕೊಟ್ಟು, ಬಾಗಿಲು ದಾಟಿ, ತಿರುಗಿ ಇಸಕೊಂಡಳು. "ಕೂಗ್ಲಿಲ್ಲ ನೋಡು. ನಾ ಒಳ್ಳೇಕಿ."

ನೋಡಿದವರೆಲ್ಲ ಹಾಗೇ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಇಡೀ ನಿಲ್ದಾಣದಲ್ಲಿ ಸಂಶಯ ಬರುವಂಥ ಆಸಾಮಿ ಅಂದರೆ, ಕೈತುಂಬ ಕುಡುಗೋಲು, ಕೊಡಲಿ ಹಿಡಿದು ನಿಂತ ನಮ್ಮ ಕಾನ್ಸ್‌ಟೇಬಲ್ಲೇ.

೨. ಬಂಕರಿನ ಬೆಳೆ

ಇನ್ನೆರಡು ಪತ್ರ ಬರೆದೆ. ಆದೇಶ ಬಂತು: ಭಯೋತ್ಪಾದಕರು ಠಾಣೆಗೇ ನುಗ್ಗಬಹುದು, ಕೂಡಲೇ ಮರಳು ಚೀಲದ ಬಂಕರ್ ಕಟ್ಟಿ. ಕಟ್ಟಿ ಮುಗಿಸಿದೆವು. ಜೀಪು ರಿಪೇರಿ ಮಾಡುತ್ತಿದ್ದ ನಮ್ಮ ಮೆಕ್ಯಾನಿಕ್ ಸಾಹೇಬರು ಬಂದು ನೋಡಿ ಹಣೆ ಚಚ್ಚಿಕೊಂಡರು. "ರೈಟರ್ ಸಾಬ್, ಜೀಪ್ ಇಳಿಯೋ ಜಾಗಕ್ಕ ಕಟ್ಟೀರಲ್ರಿ! ಇನ್ನ ಹಿಂದಕ್ಕ ತಳ್ಳಿ, ರೋಡಿಗೆ ತಿರುಗಿಸಿ, ಮತ್ತ ಮುಂದಕ್ಕ ತಳ್ಳಬೇಕು. ಬ್ಯಾಟರಿ ಕೇಳ್ರಿ ಅಂದ್ರ ಉಸುಕು ತರಿಸೀರಿ!"

ಚೀಲಗಳೆಲ್ಲ ಮಂಡಿಯಿಂದ ಬಂದ ಮೆಕ್ಕೆಜೋಳದವು. ಒಂದು ಮಳೆ ಬಿತ್ತು ನೋಡಿ, ಮೂಲೆಯಲ್ಲಿ ಉಳಿದ ಕಾಳೆಲ್ಲ ಮೊಳೆತು ಬಂಕರ್ ಹಸಿರಾಯಿತು. ಆಗಲೇ ಜಿಲ್ಲೆಯ ದೊಡ್ಡ ಸಾಹೇಬರು ತಪಾಸಣೆಗೆ ಬರಬೇಕೆ!

"ಏನ್ರೀ ಇದು?"

ನಮ್ಮ ಸಬ್ ಇನ್‌ಸ್ಪೆಕ್ಟರು ಸೆಟೆದು ನಿಂತು, "ಶತ್ರುವಿನ ಕಣ್ಣಿಗೆ ಬೀಳಬಾರದು ಅಂತ ಸರ್," ಅಂದರು.

"ಗುಡ್!" ಅಂದರು ಸಾಹೇಬರು. ಮರುದಿನ ಅದನ್ನೆಲ್ಲ ಪಕ್ಕದ ಮನೆಯ ಮೇಕೆ ತಿಂದುಹೋಯಿತು.

೩. ಕೆಂಪಂಗಿಯವ

ಆರನೆಯ ಪತ್ರಕ್ಕೆ ಬಂದದ್ದು ಪರೀಕ್ಷೆ. ಬೇರೆ ಠಾಣೆಯ ಕಾನ್ಸ್‌ಟೇಬಲ್ ಒಬ್ಬ ಭಯೋತ್ಪಾದಕನ ವೇಷದಲ್ಲಿ ಬಸ್ ನಿಲ್ದಾಣದಲ್ಲಿರುತ್ತಾನೆ. ಕೆಂಪಂಗಿ, ಕೈಯಲ್ಲಿ ಬಾಂಬಿನ ಚೀಲ. ಫೋನ್ ಬಂದ ಹದಿನೈದು ನಿಮಿಷದಲ್ಲಿ ಜೀಪಿನಲ್ಲಿ ಹೋಗಿ, ಚೀಲದ ಸಮೇತ ಹಿಡಿದು ಠಾಣೆಗೆ ತರಬೇಕು. ದೊಡ್ಡ ಸಾಹೇಬರು ಗಡಿಯಾರ ಹಿಡಿದು ಠಾಣೆಯೊಳಗೆ ಕೂತರು. ಸಬ್ ಇನ್‌ಸ್ಪೆಕ್ಟರ ಮುಖ ಬಿಳಿಚಿಕೊಂಡಿತ್ತು.

ಫೋನ್ ಬಂತು. ಜೀಪು ಎಂದಿನಂತೆ ಜಪ್ಪಯ್ಯ ಅನ್ನಲಿಲ್ಲ. ಹಿಂದಕ್ಕೆ ತಳ್ಳಿ, ರಸ್ತೆಗೆ ತಿರುಗಿಸಿ, ನಾನು, ಮೆಕ್ಯಾನಿಕ್ ಸಾಹೇಬರು, ಮೂವರು ಕಾನ್ಸ್‌ಟೇಬಲ್ಲರು ಏದುಸಿರು ಬಿಡುತ್ತ ತಳ್ಳಿದೆವು. ಯಾರೋ ಒಬ್ಬ ಪುಣ್ಯಾತ್ಮ ಬಂದು ಹೆಗಲು ಕೊಟ್ಟ. "ಎರಡನೇ ಗೇರಿಗೆ ಹಾಕ್ರಿ, ಹಾಂ, ಈಗ ಬಿಡ್ರಿ!" ಅಂತ ಮೆಕ್ಯಾನಿಕ್ ಸಾಹೇಬರು ಕೂಗಿದರು. ಬುರ್ರ್ ಅಂತ ಚಾಲೂ ಆಯ್ತು.

"ಹತ್ರಿ ಹತ್ರಿ!" ಅಂದರು ಸಬ್ ಇನ್‌ಸ್ಪೆಕ್ಟರು. ಎಲ್ಲರೂ ಹತ್ತಿದೆವು.

ನಿಲ್ದಾಣವನ್ನೆಲ್ಲ ಜಾಲಾಡಿದೆವು. ಭಯೋತ್ಪಾದಕ ಇಲ್ಲ! ಸಬ್ ಇನ್‌ಸ್ಪೆಕ್ಟರು ಅಳುವುದೊಂದು ಬಾಕಿ. ಆಗ ಜೀಪಿನ ಹಿಂದಿನ ಸೀಟಿನಿಂದ ದನಿ ಬಂತು: "ಯಾರನ್ನ ಹುಡುಕಾಕತ್ತೀರಿ?"

"ಕೆಂಪಂಗಿಯವನ್ನ!"

"ಅದು ನಾನಾ ರೀ. ಕಾದು ಕಾದು ಸಾಕಾತು. ಹಿರೇಹಡಗಲಿ ಬಸ್ಸಿಗೆ ಹೊತ್ತಾತಲ್ಲ, ಅದಕ್ಕ ಯಾಕ ಬರವಲ್ರಿ ಅಂತ ಕೇಳಾಕ ಬಂದಿದ್ದೆ. ನೀವು ತಳ್ಳೋದು ನೋಡಿ ಕರುಳು ಚುರುಕ್ ಅಂತು."

"ಚೀಲ ಎಲ್ಲಿ ಮಾರಾಯ?"

"ಅಲ್ಲೇ, ಬಂಕರಿನ ಮ್ಯಾಲ ಇಟ್ಟೇನ್ರಿ."

ಹದಿನಾಲ್ಕನೇ ನಿಮಿಷಕ್ಕೆ ಠಾಣೆ ಮುಟ್ಟಿದೆವು. ಒಳಗೆ ಕರೆಂಟ್ ಹೋಗಿ, ಸೆಕೆ ತಾಳದೆ ದೊಡ್ಡ ಸಾಹೇಬರು ಬಂಕರಿನ ಪಕ್ಕ ಕುರ್ಚಿ ಹಾಕಿಸಿಕೊಂಡಿದ್ದರು. ಬಾಂಬಿನ ಚೀಲದ ಮೇಲೆ ಚಹಾದ ಗ್ಲಾಸು ಇಟ್ಟಿದ್ದರು.

"ಆಸಾಮಿ ಸಿಕ್ಕ, ಸರಿ. ಬಾಂಬ್ ಎಲ್ಲಿ?" ಅಂತ ಗದರಿದರು. ಕೆಂಪಂಗಿಯವ ಮೆಲ್ಲಗೆ ಮುಂದೆ ಹೋಗಿ, "ಸರ, ಗ್ಲಾಸ್ ಸ್ವಲ್ಪ ತಗೀತೀರಾ?" ಅಂದ.

ಸಾಹೇಬರು ಚೀಲ ನೋಡಿದರು, ನಮ್ಮನ್ನು ನೋಡಿದರು. ಗ್ಲಾಸು ಎತ್ತಿಕೊಂಡು ನನ್ನ ಕಡೆ ತಿರುಗಿದರು.

"ರೈಟರ್, ನಿಮ್ಮ ಸಬ್ ಇನ್‌ಸ್ಪೆಕ್ಟರು ಪಾಸು. ವರ್ಗ ಗಿರ್ಗ ಏನಿಲ್ಲ. ಆ ಬ್ಯಾಟರಿ ಪತ್ರ ತನ್ನಿ, ಈಗಲೇ ಸಹಿ ಹಾಕ್ತೀನಿ. ಈ ಚೀಲದ ವಿಷಯ ಮಾತ್ರ ಎಲ್ಲೂ ಬರೀಬೇಡಿ."